ವಿಷುವಲ್ ಸ್ಟುಡಿಯೋ 2022: ಕಾಟಾ ಸಾಫ್ಟ್‌ವೇರ್ ಬರೆಯುವವರ ಕಣ್ಣಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ. ವಿಷುವಲ್ ಸ್ಟುಡಿಯೋ 2022, ಅಂದರೆ ಪ್ರೋಗ್ರಾಮ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಎಡಿಟರ್, ಚಲೋ ಸಾಫ್ಟ್‌ವೇರ್. 2010ರಂಥ ಹಳೆಯದನ್ನು ಬಿಟ್ಟು ಇದಕ್ಕೆ ಬಂದವರಿಗೆ ಎಡಿಟರ್ ಬಗ್ಗೆ ತಕರಾರು ಇರುವುದಿಲ್ಲ. ತಕರಾರು ಬರುವುದು ನಾವು ಅದಕ್ಕೆ ಜೋಡಿಸಿಕೊಂಡ ಸಾಮಾನುಗಳಿಂದ. ಪಟ್ಟಿ ತೋರಿಸುವ ಗ್ರಿಡ್, ಚೀಟಿಯ ವಿನ್ಯಾಸ ಮಾಡುವ ರಿಪೋರ್ಟ್ ಡಿಸೈನರ್, ಸೀರಿಯಲ್ ಪೋರ್ಟಿನ ಕಂಟ್ರೋಲ್, ಇನ್‌ಸ್ಟಾಲರ್ ತಯಾರಿಸುವ ಸೆಟಪ್ ಪ್ರಾಜೆಕ್ಟ್, ಇಂಥವು. ಕಂಟ್ರೋಲ್ ಅಂದರೆ ಫಾರ್ಮಿನ, ಅಂದರೆ ಪ್ರೋಗ್ರಾಮಿನ ಕಿಟಕಿಯ, ಮೇಲೆ ಕೂರಿಸುವ ಸಿದ್ಧ ತುಣುಕು. ನಾನು ಓದಿದ ವಿಮರ್ಶೆಗಳಲ್ಲಿ ಬಹಳಷ್ಟು ಹೊಸ ಪ್ರಾಜೆಕ್ಟ್ ಶುರು ಮಾಡುವವರು ಬರೆದದ್ದು. ಹಳೆಯ ಕೋಡ್ ಇಟ್ಟುಕೊಂಡು ಹೊಟ್ಟೆಪಾಡು ನಡೆಸುವ ನಮ್ಮಂಥವರ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಣ್ಣ ಆಫೀಸು. ನಾನು, ಜೊತೆಗೆ ಇಲ್ಲೇ ಎಂಜಿನಿಯರಿಂಗ್ ಮುಗಿಸಿದ ಒಬ್ಬ ಹುಡುಗ. ಲಾರಿ, ಟ್ರ್ಯಾಕ್ಟರ್ ತೂಗುವ ಕಾಟಾಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಇಳಕಲ್ ಕಡೆಯ ಗ್ರಾನೈಟ್ ಯಾರ್ಡ್‌ಗಳು, ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳು, ಮುಧೋಳ, ಜಮಖಂಡಿ ಕಡೆ ಕಬ್ಬು ತೂಗುವವರು ನಮ್ಮ ಗಿರಾಕಿಗಳು. ಕೆಲಸ ನೋಡಲು ಸರಳ. ಕಾಟಾದ ಇಂಡಿಕೇಟರ್‌ನಿಂದ, ಅಂದರೆ ತೂಕ ತೋರಿಸುವ ಪೆಟ್ಟಿಗೆಯಿಂದ, ತೂಕ ಕಂಪ್ಯೂಟರಿಗೆ ಬರಬೇಕು. ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಕಳೆದು ಉಳಿದದ್ದು ಮಾಲಿನ ತೂಕ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿ ಬರಬೇಕು. ಇಷ್ಟೇ. ಆದರೆ ಹಂಗಾಮಿನಲ್ಲಿ ರಾತ್ರಿ ಹೊತ್ತು ಕಬ್ಬಿನ ಟ್ರ್ಯಾಕ್ಟರ್‌ಗಳು ಹಾಡು ಹಾಕಿಕೊಂಡು ಸಾಲು ನಿಂತಿರುವಾಗ ಈ ಇಷ್ಟೇ ಕೆಲಸ ಐದು ನಿಮಿಷ ನಿಂತರೂ ಫೋನ್ ನನಗೇ ಬರುತ್ತದೆ.

ಈ ಸಾಫ್ಟ್‌ವೇರ್ ಹುಟ್ಟಿದ್ದು ವಿಬಿ 6ರಲ್ಲಿ, ಅಂದರೆ ಹಳೆಯ ವಿಷುವಲ್ ಬೇಸಿಕ್ ಭಾಷೆಯಲ್ಲಿ. ಆಮೇಲೆ ವಿಷುವಲ್ ಸ್ಟುಡಿಯೋ 2008ರ ಅಪ್‌ಗ್ರೇಡ್ ವಿಝಾರ್ಡ್ ಹಿಡಿದು ಆ ಭಾಷೆಯ ಹೊಸ ರೂಪವಾದ ವಿಬಿ ಡಾಟ್‌ನೆಟ್‌ಗೆ ಬಂತು. ಆ ವಿಝಾರ್ಡ್ ಸಿಕ್ಕಿದ್ದು 2008ರವರೆಗೆ ಮಾತ್ರ, 2010ರಲ್ಲಿ ಅದನ್ನು ತೆಗೆದುಹಾಕಿದರು. ವಿಝಾರ್ಡ್ ಕೋಡನ್ನು ಬದಲಿಸಿತು, ಆದರೆ ಫಾರ್ಮಿನ ಮೇಲೆ ಕೂತಿದ್ದ ಎಂಎಸ್‌ಕಾಮ್ ಕಂಟ್ರೋಲನ್ನು ಹಾಗೇ ಬಿಟ್ಟಿತು. ಅದು ವಿಬಿ 6 ಕಾಲದ ಆಕ್ಟಿವ್‌ಎಕ್ಸ್, ಓಸಿಎಕ್ಸ್ ಫೈಲಿನಲ್ಲಿ ಬರುವ ಹಳೆಯ ಬಗೆಯ ಕಂಟ್ರೋಲ್. ಇಂಡಿಕೇಟರಿನ ಕೇಬಲ್ ಕೂಡುವ ಸೀರಿಯಲ್ ಪೋರ್ಟಿನಿಂದ ತೂಕ ಓದುವ ಕೆಲಸ ಅದರದ್ದೇ. 2010ರಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿತ್ತು, ನಾವೂ ಸುಮ್ನೆ ಇದ್ದೆವು.

ಹಾಗಾದರೆ ಯಾಕೆ ಬದಲಿಸಿದಿರಿ ಅಂತ ಕೇಳುತ್ತೀರಿ ಅಲ್ವಾ? ಇಳಕಲ್‌ನ ಸಾಹುಕಾರರೂ ಅದನ್ನೇ ಕೇಳಿದರು. “ಅಲ್ರೀ ಮೇಡಂ, ಚಲೋ ನಡದೈತಲ್ರೀ, ಮತ್ಯಾಕ ಕೈ ಹಚ್ಚಾಕತ್ತೀರಿ?” ಕಾರಣ ಅವರೇ. 50,000 ರೂಪಾಯಿ ಮೀರಿದ ಮಾಲು ಸಾಗಿಸಲು ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ, ಬೇಕು. ಗ್ರಾನೈಟ್ ಕಲ್ಲು ಅಂದರೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ತೂಕ ಆದ ತಕ್ಷಣ ಇ-ವೇ ಬಿಲ್ ನಮ್ಮ ಸಾಫ್ಟ್‌ವೇರಿನಿಂದಲೇ ಬರಬೇಕು ಅನ್ನುವುದು ಅವರ ಹಟ. ಅದಕ್ಕೆ ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಗುಟ್ಟಾಗಿ ಕಳಿಸುವ ಟಿಎಲ್‌ಎಸ್ 1.2 ಬೇಕು. ಡಾಟ್‌ನೆಟ್ ಅಂದರೆ ನಮ್ಮ ಪ್ರೋಗ್ರಾಮ್ ಓಡಲು ಬೇಕಾದ ಮೈಕ್ರೋಸಾಫ್ಟಿನ ಅಡಿಪಾಯ. ವಿಷುವಲ್ ಸ್ಟುಡಿಯೋ 2010 ಡಾಟ್‌ನೆಟ್ 4.0ರ ಆಚೆಗೆ ಹೋಗುವುದಿಲ್ಲ, 4.0ಕ್ಕೆ ಟಿಎಲ್‌ಎಸ್ 1.2 ಅಂದರೆ ಏನೆಂದೇ ಗೊತ್ತಿಲ್ಲ. ಕೋಡಿನಲ್ಲಿ 3072 ಅನ್ನುವ ಅಂಕಿಯನ್ನು ತುರುಕಿ ದಾಟಿಸುವ ಒಂದು ಜುಗಾಡ್ ಇದೆ. ಆದರೆ ಗಿರಾಕಿಯ ಕಂಪ್ಯೂಟರಿನಲ್ಲಿ 4.5 ಅಥವಾ ಅದಕ್ಕಿಂತ ಹೊಸದು ಇದ್ದರೆ ಮಾತ್ರ ಅದು ನಡೆಯುತ್ತದೆ. ದುಡ್ಡಿನ ಲೆಕ್ಕ ಇರುವ ಕಡೆ ಜುಗಾಡ್ ಬೇಡ ಅನ್ನಿಸಿತು. ಅಲ್ಲದೆ 2010ಕ್ಕೆ ತಯಾರಕರ ಬೆಂಬಲ 2020ರ ಜುಲೈನಲ್ಲೇ ಮುಗಿದಿದೆ.

ಎಡಿಟರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇನ್‌ಸ್ಟಾಲರಿನಲ್ಲಿ ಡಾಟ್‌ನೆಟ್ ಡೆಸ್ಕ್‌ಟಾಪ್ ಒಂದನ್ನೇ ಟಿಕ್ ಮಾಡಿ, ಉಳಿದದ್ದು ಬಿಡಿ. ಆದರೂ ಜಿಬಿಗಟ್ಟಲೆ ಇಳಿಯುತ್ತದೆ. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇದ್ದರೆ ಲೇಔಟ್ ಆಯ್ಕೆ ಬಳಸಿ ಒಮ್ಮೆ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಳ್ಳಿ. ನಮ್ಮ ಕಡೆ ಕರೆಂಟ್ ಮತ್ತು ನೆಟ್ ಎರಡೂ ಒಟ್ಟಿಗೆ ಇರುವ ಹೊತ್ತು ನೋಡಿ ಈ ಕೆಲಸ ಮಾಡಬೇಕು. 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಆರಾಮ. ಹುಡುಕಾಟ ಚುರುಕಾಗಿದೆ, ಗಿಟ್ ಒಳಗೇ ಇದೆ, ಕೋಡ್ ತಿದ್ದಿದರೆ ಪ್ರೋಗ್ರಾಮ್ ನಿಲ್ಲಿಸದೇ ಬದಲಾವಣೆ ಕಾಣುತ್ತದೆ. ಕಮ್ಯುನಿಟಿ ಆವೃತ್ತಿ ಉಚಿತ. ನಮ್ಮಂಥ ಸಣ್ಣ ಸಂಸ್ಥೆಯಲ್ಲಿ 5 ಜನರವರೆಗೆ ವ್ಯಾಪಾರಕ್ಕೂ ಬಳಸಬಹುದು. 250ಕ್ಕಿಂತ ಜಾಸ್ತಿ ಕಂಪ್ಯೂಟರ್ ಅಥವಾ ವರ್ಷಕ್ಕೆ 10 ಲಕ್ಷ ಡಾಲರ್ ಮೀರಿದ ವಹಿವಾಟು ಇರುವ ಕಂಪನಿಗೆ ಇದು ಸಲ್ಲದು. ನನಗೆ ಆ ಚಿಂತೆ ಇಲ್ಲ ಬಿಡಿ.

ಈಗ ಅಸಲು ವಿಷಯ. 2021ರ ನವೆಂಬರಿನಲ್ಲಿ ಬಂದ ಈ 2022, 64 ಬಿಟ್ ಆದ ಮೊದಲ ವಿಷುವಲ್ ಸ್ಟುಡಿಯೋ. ಅದಕ್ಕೂ ಮುಂಚಿನವೆಲ್ಲ 32 ಬಿಟ್. 64 ಬಿಟ್ ಅಂದರೆ ಪ್ರೋಗ್ರಾಮ್ ಬಹಳ ಹೆಚ್ಚು ಮೆಮೊರಿ ಬಳಸಬಲ್ಲದು. ದೊಡ್ಡ ಪ್ರಾಜೆಕ್ಟ್ ಇರುವವರಿಗೆ ಇದು ವರ. ನಮಗೆ? 64 ಬಿಟ್ ಪ್ರೋಗ್ರಾಮಿನ ಒಳಗೆ 32 ಬಿಟ್ ಡಿಎಲ್‌ಎಲ್ ಅಥವಾ ಓಸಿಎಕ್ಸ್, ಅಂದರೆ ಕಂಟ್ರೋಲ್‌ಗಳ ಕೋಡ್ ಇರುವ ಫೈಲು, ಕೂರುವುದಿಲ್ಲ. ಇದು ವಿಂಡೋಸ್‌ನ ನಿಯಮ, ಯಾರೂ ದಾಟುವಂತಿಲ್ಲ. ಫಾರ್ಮ್ ಡಿಸೈನರ್ ನಮ್ಮ ಕಂಟ್ರೋಲ್‌ಗಳನ್ನು ನಿಜವಾಗಿಯೂ ಲೋಡ್ ಮಾಡಿ ಪರದೆಯ ಮೇಲೆ ತೋರಿಸುತ್ತದೆ. ಹಾಗಾಗಿ 32 ಬಿಟ್ ಎಂಎಸ್‌ಕಾಮ್ ಇರುವ ಫಾರ್ಮನ್ನು 2022ರಲ್ಲಿ ತೆರೆದರೆ ಫಾರ್ಮಿನ ಬದಲು ಬಿಳಿ ಹಾಳೆಯ ಮೇಲೆ ತಪ್ಪಿನ ಪಟ್ಟಿ ಬರುತ್ತದೆ. ಹೊಸ ಟ್ರ್ಯಾಕ್ಟರ್ ತಂದಾಗ ಹಳೆಯ ಟ್ರೇಲರಿನ ಕೊಕ್ಕೆ ಕೂಡಲಿಲ್ಲ ಅನ್ನುವ ಹಾಗೆ.

ಇದನ್ನು ನೋಡಿ ಪ್ರಾಜೆಕ್ಟೇ ಹಾಳಾಯಿತು ಅಂತ ಗಾಬರಿಯಾಗಬೇಡಿ. ನಮ್ಮ ಹುಡುಗನೇ ಇದನ್ನು ಕಂಡುಹಿಡಿದದ್ದು. “ಅಕ್ಕಾರ, ಫಾರ್ಮ್ ತೆರಿಯವಲ್ದು, ಆದ್ರ ಎಫ್5 ಒತ್ತಿದ್ರ ಓಡಾಕತ್ತೈತ್ರಿ!” ಅಂದ. ಅದು ಸರಿಯೇ. ಪ್ರಾಜೆಕ್ಟಿನ ಸೆಟ್ಟಿಂಗಿನಲ್ಲಿ ಎಕ್ಸ್86 ಅಂತ ಇದ್ದರೆ ತಯಾರಾಗುವ ಪ್ರೋಗ್ರಾಮ್ 32 ಬಿಟ್ಟಿನದೇ ಆಗಿರುತ್ತದೆ. ಎಡಿಟರ್ 64 ಬಿಟ್ ಆದರೂ ಅದಕ್ಕೆ ಸಂಬಂಧವಿಲ್ಲ. ಅಂದರೆ ಓಡುತ್ತದೆ, ಆದರೆ ಮೌಸ್ ಹಿಡಿದು ಫಾರ್ಮಿನಲ್ಲಿ ಒಂದು ಬಟನ್ ಸರಿಸಲು ಆಗುವುದಿಲ್ಲ. 2022ಕ್ಕೇ ಆಮೇಲೆ ಬಂದ ಅಪ್‌ಡೇಟ್‌ಗಳಲ್ಲಿ, 32 ಬಿಟ್ ಸಾಮಾನು ಕಂಡರೆ ಬೇರೆ ಪ್ರೋಸೆಸ್ಸಿನಲ್ಲಿ 32 ಬಿಟ್ ಡಿಸೈನರ್ ತೆರೆಯಲೇ ಅಂತ ಅದೇ ಕೇಳುತ್ತದೆ. ಅದು ಒಳ್ಳೆಯ ಬೆಳವಣಿಗೆ. ಆದರೆ ಸ್ವಂತ ಡಿಸೈನರ್ ಕೋಡ್ ಇರುವ ಬೇರೆ ಕಂಪನಿಗಳ ಕಂಟ್ರೋಲ್‌ಗಳು ಈ ಹೊಸ ಏರ್ಪಾಟಿಗೆ ಹೊಂದುವಂತೆ ಬರೆದಿರದಿದ್ದರೆ ಅಲ್ಲಿ ಅರ್ಧಂಬರ್ಧ ಕೆಲಸ ಮಾಡುತ್ತವೆ.

ಎಂಎಸ್‌ಕಾಮ್ ಇಟ್ಟುಕೊಂಡು ಕುಸ್ತಿ ಆಡುವುದಕ್ಕಿಂತ ಅದನ್ನು ಕಿತ್ತುಹಾಕಿ ಸೀರಿಯಲ್‌ಪೋರ್ಟ್ ಕ್ಲಾಸ್ ಹಾಕಿಕೊಳ್ಳುವುದೇ ಸರಿ. ಡಾಟ್‌ನೆಟ್ 2.0ರಿಂದಲೇ ಅದು ಇದೆ, 64 ಬಿಟ್ಟಿಗೂ ನಡೆಯುತ್ತದೆ, ಓಸಿಎಕ್ಸ್ ರಿಜಿಸ್ಟರ್ ಮಾಡುವ ಗೋಳಿಲ್ಲ. ಆದರೆ ಹೆಸರು ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಇದೇ ದಾರಿಯಲ್ಲಿರುವವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ.

ಥ್ರೆಡ್ ಅಂದರೆ ಪ್ರೋಗ್ರಾಮಿನ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸದ ಸಾಲುಗಳಲ್ಲಿ ಒಂದು. ಎಂಎಸ್‌ಕಾಮ್‌ನ ಈವೆಂಟ್ (ಡೇಟಾ ಬಂತು ಅನ್ನುವ ಸೂಚನೆ) ಫಾರ್ಮಿನ ಥ್ರೆಡ್ಡಿನಲ್ಲೇ ಬರುತ್ತಿತ್ತು. ಬಂದ ತೂಕವನ್ನು ನೇರ ಲೇಬಲ್‌ಗೆ ಹಾಕಬಹುದಿತ್ತು. ಸೀರಿಯಲ್‌ಪೋರ್ಟಿನ ಡೇಟಾ ಬರುವುದು ಬೇರೆ ಥ್ರೆಡ್ಡಿನಲ್ಲಿ. ಅಲ್ಲಿಂದ ಲೇಬಲ್ ಮುಟ್ಟಿದರೆ ಡಿಬಗ್ ಮಾಡುವಾಗ ಕ್ರಾಸ್ ಥ್ರೆಡ್ ಅಂತ ಬೈಗುಳ ಬರುತ್ತದೆ. ಇದಕ್ಕೆ ಎಲ್ಲರೂ ಹೇಳುವ ಮದ್ದು ಇನ್‌ವೋಕ್, ಅಂದರೆ ಆ ಕೆಲಸವನ್ನು ಫಾರ್ಮಿನ ಥ್ರೆಡ್ಡಿಗೆ ಒಪ್ಪಿಸುವ ಆಜ್ಞೆ. ನಾನು ಹೇಳುವುದು ಒಪ್ಪಿಸಿ ಕಾಯದೇ ಮುಂದೆ ಹೋಗುವ ಬಿಗಿನ್‌ಇನ್‌ವೋಕ್. ಯಾಕೆಂದರೆ ಇನ್‌ವೋಕ್ ಫಾರ್ಮಿನ ಥ್ರೆಡ್ಡಿಗಾಗಿ ಕಾಯುತ್ತದೆ. ಅದೇ ಹೊತ್ತಿಗೆ ಆಪರೇಟರ್ ಫಾರ್ಮ್ ಮುಚ್ಚಿದರೆ ಪೋರ್ಟ್ ಮುಚ್ಚುವ ಕೋಡ್ ಡೇಟಾ ಓದುವ ಕೋಡಿಗಾಗಿ ಕಾಯುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂರುತ್ತಾರೆ, ಪರದೆ ಗಟ್ಟಿಯಾಗಿ ನಿಲ್ಲುತ್ತದೆ. ಆಫೀಸಿನಲ್ಲಿ ಪರೀಕ್ಷೆ ಮಾಡುವಾಗ ಇದು ಸಿಗುವುದು ಅಪರೂಪ. ಇಂಡಿಕೇಟರ್ ಬಿಡದೇ ತೂಕ ಕಳಿಸುತ್ತಿರುವ ಕಾಟಾದಲ್ಲೇ ಸಿಗುತ್ತದೆ.

ಇನ್ನೊಂದು ಡಿಟಿಆರ್, ಅಂದರೆ ಸೀರಿಯಲ್ ಕೇಬಲ್ಲಿನ ಒಂದು ಸಿಗ್ನಲ್ ತಂತಿ. ನಮ್ಮ ಹಳೆಯ ಫಾರ್ಮಿನಲ್ಲಿ ಆ ಟಿಕ್ ಇತ್ತು. ಸೀರಿಯಲ್‌ಪೋರ್ಟಿನಲ್ಲಿ ನೀವಾಗಿ ಆನ್ ಮಾಡದಿದ್ದರೆ ಅದು ಆಫ್. ಕೆಲವು ಕನ್ವರ್ಟರ್‌ಗಳು ಆ ತಂತಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತವೆ. ಅಂಥ ಕಡೆ ಎಲ್ಲ ಸರಿ ಇದ್ದೂ ಒಂದಕ್ಷರ ಬರುವುದಿಲ್ಲ. ಕೇಬಲ್ ಬದಲಿಸಿ, ಇಂಡಿಕೇಟರ್ ಕಂಪನಿಯವರಿಗೆ ಫೋನ್ ಮಾಡಿ ಸುಸ್ತಾಗುವ ಮೊದಲು ಈ ಒಂದು ಸಾಲು ನೋಡಿ. ಬಾಡ್ ರೇಟ್ (ಡೇಟಾ ಹರಿಯುವ ವೇಗ), ಪ್ಯಾರಿಟಿ, ಡೇಟಾ ಬಿಟ್ ಮೂರನ್ನೂ ಹಳೆಯ ಫಾರ್ಮಿನ ಸೆಟ್ಟಿಂಗಿನಿಂದ ಹಾಗೇ ಬರೆದುಕೊಳ್ಳಿ. 2400 ಬಾಡ್‌ನಲ್ಲಿ ಮಾತಾಡುವ ಹಳೆಯ ಇಂಡಿಕೇಟರ್‌ಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಜೀವಂತ ಇವೆ.

ಡೇಟಾಬೇಸ್ ಕಡೆ ಇದೇ 64 ಬಿಟ್ ಕಥೆ ಇನ್ನೊಂದು ವೇಷದಲ್ಲಿ ಬರುತ್ತದೆ. ನಮ್ಮ ಹಳೆಯ ಗಿರಾಕಿಗಳದ್ದು ಆಕ್ಸೆಸ್ ಎಂಡಿಬಿ ಫೈಲು. ಅದನ್ನು ಓದುವ ಜೆಟ್ 4.0 ಇರುವುದು 32 ಬಿಟ್ಟಿನಲ್ಲಿ ಮಾತ್ರ. ಪ್ರಾಜೆಕ್ಟ್ ಎನಿ ಸಿಪಿಯು ಅಂತ ಇದ್ದು 64 ಬಿಟ್ಟಿನಲ್ಲಿ ಓಡಿದರೆ ಪ್ರೊವೈಡರ್ ರಿಜಿಸ್ಟರ್ ಆಗಿಲ್ಲ ಅನ್ನುತ್ತದೆ. ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅದೇ ಮಾತು. ಎಕ್ಸ್86 ಮಾಡಿದರೆ ಪ್ರೋಗ್ರಾಮ್ ಸರಿಹೋಗುತ್ತದೆ. ಆದರೆ ಎಡಿಟರಿನ ಒಳಗಿನ ಸರ್ವರ್ ಎಕ್ಸ್‌ಪ್ಲೋರರ್‌ನಿಂದ ಆ ಫೈಲು ತೆರೆಯುವುದಿಲ್ಲ, ಯಾಕೆಂದರೆ ಎಡಿಟರ್ ತಾನೇ 64 ಬಿಟ್. ಅದಕ್ಕೆ 64 ಬಿಟ್ಟಿನ ಆಕ್ಸೆಸ್ ಎಂಜಿನ್ ಬೇಕು. ಕಂಪ್ಯೂಟರಿನಲ್ಲಿ 32 ಬಿಟ್ ಆಫೀಸ್ ಇದ್ದರೆ ಅದರ ಇನ್‌ಸ್ಟಾಲರ್ ನಿರಾಕರಿಸುತ್ತದೆ. ನಾನು ಟೇಬಲ್ ನೋಡಲು ಆಕ್ಸೆಸ್ಸನ್ನೇ ಬೇರೆ ತೆರೆದುಕೊಳ್ಳುತ್ತೇನೆ. ಹೊಸ ಗಿರಾಕಿಗಳಿಗೆ ಆಕ್ಸೆಸ್ ಕೊಡುವುದನ್ನೇ ನಿಲ್ಲಿಸಿದ್ದೇವೆ.

ನನ್ನ ಸಿಟ್ಟೆಲ್ಲ ಗ್ರಿಡ್ ಮಾರಿದ ಕಂಪನಿಯ ಮೇಲೆ. ಹೆಸರು ಬೇಡ. ದಿನದ ತೂಕಗಳ ಪಟ್ಟಿ ತೋರಿಸಲು, ಗ್ರೂಪ್ ಮಾಡಲು, ಎಕ್ಸೆಲ್‌ಗೆ ಕಳಿಸಲು ಅದನ್ನು ದುಡ್ಡು ಕೊಟ್ಟು ಕೊಂಡಿದ್ದೆವು. ಕೊಂಡಾಗ ಒಮ್ಮೆ ಕೊಟ್ಟರೆ ಸಾಕು ಅಂದಿದ್ದರು. ಹಳೆಯ ಆವೃತ್ತಿ 2022ರ ಡಿಸೈನರಿನಲ್ಲಿ ತೆರೆಯುವುದಿಲ್ಲ. ಹೊಸದು ಬೇಕೆಂದರೆ ಈಗ ವರ್ಷ ವರ್ಷ ಚಂದಾ. ಅದಾದರೂ ಇರಲಿ, ಹೊಸ ಆವೃತ್ತಿಯಲ್ಲಿ ನೇಮ್‌ಸ್ಪೇಸ್ ಬದಲಾಗಿದೆ, ಕೆಲವು ಪ್ರಾಪರ್ಟಿಗಳೇ ಕಾಣೆಯಾಗಿವೆ. ಲೈಸೆನ್ಸ್ ಫೈಲಿನಲ್ಲಿ ಹಳೆಯ ಆವೃತ್ತಿಯ ಸಾಲು ಉಳಿದಿದ್ದರೆ ಬಿಲ್ಡ್ ಮಾಡುವಾಗ ಎಲ್‌ಸಿ ಡಾಟ್ ಇಎಕ್ಸ್‌ಇ ಮೈನಸ್ ಒಂದು ಕೋಡ್ ಕೊಟ್ಟು ನಿಲ್ಲುತ್ತದೆ. ಯಾವ ಸಾಲು, ಏನು ತಪ್ಪು, ಒಂದೂ ಹೇಳುವುದಿಲ್ಲ. ಲೈಸೆನ್ಸೆಸ್ ಡಾಟ್ ಲಿಕ್ಸ್ ಅನ್ನುವ ಫೈಲು ತೆರೆದು ಅದರೊಳಗಿನ ಸಾಲುಗಳನ್ನು ಅಳಿಸಿ ಮತ್ತೆ ಬಿಲ್ಡ್ ಮಾಡುವುದು ಇದಕ್ಕೆ ಹಳೆಯ ಔಷಧಿ. ಸಪೋರ್ಟ್‌ಗೆ ಮೇಲ್ ಹಾಕಿದರೆ ಚಂದಾ ನವೀಕರಿಸಿ ಅನ್ನುವ ಉತ್ತರ ಬಹಳ ಬೇಗ ಬರುತ್ತದೆ. ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಆ ಪಟ್ಟಿಯನ್ನು ಕೊನೆಗೆ ವಿಂಡೋಸ್ ಫಾರ್ಮ್ಸ್ ಜೊತೆಗೇ ಬರುವ ಡೇಟಾಗ್ರಿಡ್‌ವ್ಯೂಗೆ ಬದಲಿಸಿದೆವು. ನೋಡಲು ಅಷ್ಟು ಚಂದ ಇಲ್ಲ. ಗ್ರೂಪಿಂಗ್ ಇಲ್ಲ, ಅದನ್ನು ನಾವೇ ಬರೆಯಬೇಕಾಯಿತು. ಮಹಾಲಿಂಗಪುರದ ಮುನೀಮರು “ಬಣ್ಣ ಹೋದ್ರ ಹೋಗ್ಲಿ ಬಿಡ್ರಿ, ಲೆಕ್ಕ ಕೂಡಿದ್ರ ಸಾಕು” ಅಂದರು. ಪುಣ್ಯಾತ್ಮರು.

ಚೀಟಿಯ ವಿನ್ಯಾಸಕ್ಕೆ ನಾವು ಬಳಸುವ ಕ್ರಿಸ್ಟಲ್ ರಿಪೋರ್ಟ್ಸ್ ವಿಷಯದಲ್ಲಿ ಪರವಾಗಿಲ್ಲ. 2008ರವರೆಗೆ ಅದು ವಿಷುವಲ್ ಸ್ಟುಡಿಯೋ ಜೊತೆಗೇ ಬರುತ್ತಿತ್ತು. 2010ರಿಂದ ಎಸ್‌ಎಪಿ ಕಂಪನಿಯಿಂದ ಬೇರೆ ಇಳಿಸಿಕೊಳ್ಳಬೇಕು, ಉಚಿತವೇ. 2022ರಲ್ಲಿ ಅದರ ಡಿಸೈನರ್ ತೆರೆಯಬೇಕೆಂದರೆ 32ನೇ ಸರ್ವಿಸ್ ಪ್ಯಾಕ್ ಅಥವಾ ಅದಕ್ಕಿಂತ ಹೊಸದರ 64 ಬಿಟ್ ಇನ್‌ಸ್ಟಾಲರ್ ಬೇಕು. ಇಳಿಸುವ ಪುಟದಲ್ಲಿ 2019 ಮತ್ತು ಹಿಂದಿನವಕ್ಕೆ ಬೇರೆ ಫೈಲ್, 2022ಕ್ಕೆ ಬೇರೆ ಫೈಲ್ ಇದೆ, ನೋಡಿ ಒತ್ತಿ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ನಮ್ಮ ತೂಕದ ಚೀಟಿಗಳೆಲ್ಲ ಇದರಲ್ಲಿ ತೊಂದರೆ ಇಲ್ಲದೇ ತೆರೆದುಕೊಂಡವು. ನುಡಿ ಫಾಂಟಿನ ಕನ್ನಡ ಹೆಸರುಗಳೂ ಹಾಗೇ ಬಂದವು.

ಖರ್ಚು ಇರುವುದು ಗಿರಾಕಿಯ ಕಡೆ. ಹಳೆಯ ಕ್ರಿಸ್ಟಲ್ ಜೊತೆ ಬಿಲ್ಡ್ ಮಾಡಿದ ಪ್ರೋಗ್ರಾಮ್ 13.0.2000.0 ಆವೃತ್ತಿಯ ಕ್ರಿಸ್ಟಲ್ ಡಿಎಲ್‌ಎಲ್‌ಗಳನ್ನು ಹುಡುಕುತ್ತದೆ. ಹೊಸದರಲ್ಲಿ ಆ ಅಂಕಿ 13.0.4000.0 ಆಗಿದೆ. ನೀವು ಹೊಸದರಲ್ಲಿ ಬಿಲ್ಡ್ ಮಾಡಿ ಇಎಕ್ಸ್‌ಇ ಮಾತ್ರ ಕಳಿಸಿದರೆ ಗಿರಾಕಿಯ ಕಂಪ್ಯೂಟರಿನಲ್ಲಿ ತೂಕ ಬರುತ್ತದೆ, ಚೀಟಿ ಬರುವುದಿಲ್ಲ. ಪ್ರತಿ ಕಾಟಾದ ಕಂಪ್ಯೂಟರಿಗೂ ಹೊಸ ರನ್‌ಟೈಮ್, ಅಂದರೆ ಚೀಟಿ ಓಡಿಸಲು ಬೇಕಾದ ಕ್ರಿಸ್ಟಲ್ ಫೈಲುಗಳು, ಹಾಕಬೇಕು. ಪ್ರೋಗ್ರಾಮ್ ಎಕ್ಸ್86 ಆಗಿದ್ದರೆ ಅಲ್ಲಿಗೆ 32 ಬಿಟ್ ರನ್‌ಟೈಮ್, ವಿಂಡೋಸ್ 64 ಬಿಟ್ ಇದ್ದರೂ. ಇದನ್ನು ದೂರದಿಂದ ಹಾಕುವುದಕ್ಕೆ ನೆಟ್ ಬೇಕು, ಯಾರ್ಡ್‌ಗಳಲ್ಲಿ ನೆಟ್ ಅಂದರೆ ಆಪರೇಟರನ ಮೊಬೈಲ್ ಹಾಟ್‌ಸ್ಪಾಟ್. ಪೆನ್ ಡ್ರೈವ್ ಹಿಡಿದು ಗಾಡಿ ಹತ್ತುವುದೇ ವಾಸಿ. ಮುಂದೆ ಡಾಟ್‌ನೆಟ್ 8 ಅಂಥದಕ್ಕೆ ಹೋಗುವ ಆಸೆ ಇದ್ದರೆ ಒಂದು ಮಾತು ನೆನಪಿರಲಿ: ಈ ಕ್ರಿಸ್ಟಲ್ ನಡೆಯುವುದು ಡಾಟ್‌ನೆಟ್ ಫ್ರೇಮ್‌ವರ್ಕ್ ಅನ್ನುವ ಹಳೆಯ ಸಾಲಿನಲ್ಲಿ ಮಾತ್ರ, 4.0, 4.8 ಎಲ್ಲ ಅದರವೇ. ಅಲ್ಲಿಗೆ ಹೋದರೆ ಫಾರ್ಮಿನ ಅಳತೆಯೂ ಬದಲಾಗುತ್ತದೆ, ಯಾಕೆಂದರೆ ಮೊದಲಿಂದ ಇದ್ದ ಫಾಂಟ್ ಮೈಕ್ರೋಸಾಫ್ಟ್ ಸ್ಯಾನ್ಸ್ ಸೆರಿಫ್ 8.25 ಹೋಗಿ ಸೆಗೋ ಯುಐ 9 ಬರುತ್ತದೆ. ಬಟನ್‌ಗಳು ಪರದೆಯ ಆಚೆ ಹೋಗಿ ಕೂರುತ್ತವೆ. ನಾನು ಡಾಟ್‌ನೆಟ್ 4.8ರಲ್ಲೇ ನಿಂತಿದ್ದೇನೆ.

ಸೆಟಪ್ ಪ್ರಾಜೆಕ್ಟಿನದು ಸಣ್ಣ ವಿಷಯ. ಸಲ್ಯೂಶನ್ ತೆರೆದಾಗ ಅದರ ಪಕ್ಕ ಹೊಂದುವುದಿಲ್ಲ ಅಂತ ಬರೆದಿರುತ್ತದೆ. ಇನ್‌ಸ್ಟಾಲರ್ ಪ್ರಾಜೆಕ್ಟ್ಸ್ 2022 ಅನ್ನುವ ಎಕ್ಸ್‌ಟೆನ್ಶನ್ ಹಾಕಿ, ಮತ್ತೆ ಲೋಡ್ ಮಾಡಿ, ಮುಗಿಯಿತು. 2019ರ ಎಕ್ಸ್‌ಟೆನ್ಶನ್ ಫೈಲು ಉಳಿಸಿಟ್ಟುಕೊಂಡಿದ್ದರೆ ಅದು ಇಲ್ಲಿ ಕೂರುವುದಿಲ್ಲ. 64 ಬಿಟ್ಟಿಗೆಂದು ತಯಾರಿಸಿದ್ದೇ ಬೇಕು.

ಹಳೆಯ ಪ್ರಾಜೆಕ್ಟ್ ತೆರೆದ ತಕ್ಷಣ ಡಾಟ್‌ನೆಟ್ 4.0 ಇಲ್ಲ, 4.8ಕ್ಕೆ ಏರಿಸಲೇ ಅಂತ 2022 ಕೇಳುತ್ತದೆ. 4.0ರಿಂದ 4.5.1ರವರೆಗಿನ ಟಾರ್ಗೆಟಿಂಗ್ ಪ್ಯಾಕ್‌ಗಳು, ಅಂದರೆ ಆ ಆವೃತ್ತಿಗಳಿಗೆ ಬಿಲ್ಡ್ ಮಾಡಲು ಬೇಕಾದ ಫೈಲುಗಳು, ಅದರಲ್ಲಿ ಇಲ್ಲ. ಹೌದು ಅಂತ ಒತ್ತುವ ಮೊದಲು ನಿಮ್ಮ ಗಿರಾಕಿಗಳ ಕಂಪ್ಯೂಟರ್ ಪಟ್ಟಿ ನೋಡಿ. ವಿಂಡೋಸ್ 7 ಸರ್ವಿಸ್ ಪ್ಯಾಕ್ 1ಕ್ಕೆ 4.8 ಹಾಕಬಹುದು. ಎಕ್ಸ್‌ಪಿಗೆ 4.0 ಕೊನೆ. ನಮಗೆ ಇನ್ನೂ ಎಕ್ಸ್‌ಪಿಯಲ್ಲೇ ಬೆಲ್ಲ ತೂಗುವ ಒಬ್ಬ ಗಿರಾಕಿ ಇದ್ದಾರೆ. ಆ ಕಂಪ್ಯೂಟರ್ ಕೆಟ್ಟ ದಿನ ಹೊಸದು ತರುತ್ತಾರಂತೆ, ಅದು ಕೆಡುವ ಲಕ್ಷಣ ಇಲ್ಲ. ಅವರ ಸಲುವಾಗಿ ಕೋಡಿನ ಒಂದು ಪ್ರತಿಯನ್ನು 2010ರ ಜೊತೆಗೇ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೇವೆ. ಅಂದ ಹಾಗೆ 2019 ಮತ್ತು 2022 ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು ತೊಂದರೆ ಇಲ್ಲ. 32 ಬಿಟ್ ಕಂಟ್ರೋಲ್ ಬಿಡಲಾರದವರು ಫಾರ್ಮ್ ತಿದ್ದುವುದಕ್ಕೆ 2019, ಕೋಡ್ ಬರೆಯುವುದಕ್ಕೆ 2022 ಅಂತ ನಡೆಸಬಹುದು. 2019ಕ್ಕೆ ಭದ್ರತಾ ತೇಪೆಗಳು 2029ರ ಏಪ್ರಿಲ್‌ವರೆಗೆ ಬರುತ್ತವೆ.

ಮಾರ್ಕು ಕೊಡುವುದಾದರೆ ಎಡಿಟರಿಗೆ 5ಕ್ಕೆ ನಾಲ್ಕೂವರೆ. ಹಳೆಯ ಫಾರ್ಮ್‌ಗಳನ್ನು ತೆರೆಯುವ ವಿಷಯಕ್ಕೆ ಎರಡೂವರೆ, ಅದೂ 32 ಬಿಟ್ ಡಿಸೈನರ್ ಬಂದಿದ್ದಕ್ಕೆ. ನಿಮ್ಮ ಪ್ರಾಜೆಕ್ಟಿನಲ್ಲಿ ಬೇರೆ ಕಂಪನಿಯ ಕಂಟ್ರೋಲ್ ಇಲ್ಲದಿದ್ದರೆ ಇವತ್ತೇ ಹಾಕಿಕೊಳ್ಳಿ. ಇದ್ದರೆ ಮೊದಲು ರೆಫರೆನ್ಸ್ ಪಟ್ಟಿ ತೆರೆದು ಒಂದೊಂದೇ ಡಿಎಲ್‌ಎಲ್ ಯಾರದು, 64 ಬಿಟ್ಟಿನದು ಸಿಗುತ್ತದೆಯೇ, ಅದಕ್ಕೆ ದುಡ್ಡೆಷ್ಟು ಅಂತ ಬರೆದುಕೊಳ್ಳಿ. ಗಿರಾಕಿಗೆ ರೇಟ್ ಹೇಳುವುದು ಆಮೇಲೆ. ಹಂಗಾಮಿನ ನಡುವೆ ಮಾತ್ರ ಕೈ ಹಾಕಬೇಡಿ.

2025ರ ನವೆಂಬರಿನಲ್ಲಿ ವಿಷುವಲ್ ಸ್ಟುಡಿಯೋ 2026 ಬಂದಿದೆ. 2022ರ ಎಕ್ಸ್‌ಟೆನ್ಶನ್‌ಗಳು ಅದರಲ್ಲಿ ಹಾಗೇ ನಡೆಯುತ್ತವೆ ಅನ್ನುತ್ತಾರೆ. ಈ ಸಲ 64ರಿಂದ 64ಕ್ಕೆ ಹೋಗುವುದರಿಂದ ನಂಬಬಹುದು ಅನ್ನಿಸುತ್ತದೆ. ಕಬ್ಬು ಮುಗಿದ ಮೇಲೆ ಹುಡುಗನ ಕಂಪ್ಯೂಟರಿನಲ್ಲಿ ಹಾಕಿಸಿ, ಮೊದಲು ಕ್ರಿಸ್ಟಲ್ ಚೀಟಿ ತೆರೆದು ನೋಡುತ್ತೇನೆ.